ನಾಲ್ಕು ಪೆಟ್ಟಿಗೆ ಅಗ್ಗದ ತೋಟಾ

“ನಾಳೆ ಸಂಜೆಯೊಳಗೆ ಈ ನಾಲ್ಕು ಜಾತಿ ತೋಟಾಗಳ ಬಣ್ಣ ಬಯಲು ಮಾಡದೇ ಹೋದ್ರೆ, ಇನ್ನು ಈ ಜನ್ಮದಲ್ಲಿ ರೈಫಲ್ ಮುಟ್ಟೋದಿಲ್ಲ!”

ಹೀಗೆಂದು ಮೀಸಲಪ್ಪ ಶನಿವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಒಬ್ಬಳೇ. ಮನೆಯಲ್ಲೇ ಕೇಕು ಮಾಡಿ ಮಾರುವ ಆಕೆ, ನಾಲ್ಕು ಗಂಟೆಗೆ ಒಪ್ಪಿಸಬೇಕಾದ ಕೇಕಿನ ಮೇಲೆ ಕೆನೆಯ ಗುಲಾಬಿ ಅರಳಿಸುತ್ತಿದ್ದಳು.

“ಮುಟ್ಟದಿದ್ರೆ ಇನ್ನೂ ಒಳ್ಳೇದಾಯ್ತು. ಸ್ವಲ್ಪ ಆಚೆ ಸರೀರಿ, ನೆರಳು ಬೀಳ್ತಿದೆ,” ಎಂದಳು.

ಮೀಸಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ರೈಫಲ್ ಕ್ಲಬ್ಬಿನ ತಂಡದಲ್ಲಿ ಆರು ವರ್ಷಗಳಿಂದ ಅವನು ಮೀಸಲು ಆಟಗಾರ. ಪಂದ್ಯದಲ್ಲಿ ಉಳಿದ ನಾಲ್ವರು ಗುಂಡು ಹೊಡೆಯುತ್ತಾರೆ, ಇವನು ಚಪ್ಪಾಳೆ ಹೊಡೆಯುತ್ತಾನೆ. ಹೊಟ್ಟೆಪಾಡಿಗೆ ಕನ್ನಡಕದಂಗಡಿ. ಊರಿನವರಿಗೆಲ್ಲ ಹತ್ತಿರದ್ದು, ದೂರದ್ದು ಕಾಣಿಸಿಕೊಟ್ಟ ಮಹಾನುಭಾವನಿಗೆ ತನ್ನ ತಪ್ಪು ಮಾತ್ರ ಯಾವ ಗಾಜಿನಲ್ಲೂ ಕಂಡದ್ದಿಲ್ಲ. ಐವತ್ತು ಮೀಟರ್ ಆಚೆಯ ಗುರಿಕಾಗದದಲ್ಲಿ ಅವನ ಗುಂಡುಗಳು ಕೋಳಿ ಕೆದರಿದ ಹಾಗೆ ಚದುರಿದಾಗಲೆಲ್ಲ ಒಂದೇ ಮಾತು: “ತೋಟಾ ಅಗ್ಗದ್ದು. ನಾನೇನು ಮಾಡ್ಲಿ?”

ಅಗ್ಗದ್ದು ಎನ್ನುವುದು ಸುಳ್ಳಲ್ಲ. ದುಬಾರಿ ತೋಟಾ ಆ ಬಡ ಕ್ಲಬ್ಬಿಗೆ ಕೈಗೆಟುಕದ ದ್ರಾಕ್ಷಿ. ಈ ವರ್ಷ ತಂಡದಲ್ಲೊಬ್ಬರು ಊರು ಬಿಟ್ಟಿದ್ದರಿಂದ ನಾಲ್ಕನೇ ಜಾಗ ಖಾಲಿ ಬಿದ್ದಿತ್ತು. ಅದರ ಮೇಲೆ ಇಬ್ಬರ ಕಣ್ಣು. ಒಬ್ಬ ಅಂಚೆಯಣ್ಣ, ಇನ್ನೊಬ್ಬ ನಮ್ಮ ಮೀಸಲಪ್ಪ. ತಂಡದ ನಾಯಕಿ ಹಲ್ಲಿನ ಡಾಕ್ಟ್ರಮ್ಮ. ಇವನ ತೋಟಾಪುರಾಣ ಕೇಳಿ ಕೇಳಿ ಸಾಕಾಗಿ ಆಕೆ ಹೇಳಿದ್ದರು: “ಸರಿ ಸ್ವಾಮಿ. ಅಗ್ಗದ್ದರಲ್ಲೇ ಯಾವುದು ನಿಯತ್ತಿನದು ಅಂತ ಭಾನುವಾರ ಸಂಜೆ ತೋರಿಸಿ. ಆಮೇಲೆ ನಾಲ್ಕನೇ ಜಾಗದ ಮಾತು.”

ಆದ್ದರಿಂದಲೇ ಮೇಜಿನ ಮೇಲೆ ಈಗ ನಾಲ್ಕು ಕಂಪನಿಯ ನಾಲ್ಕು ಪೆಟ್ಟಿಗೆಗಳು: ಕೆಂಪು, ನೀಲಿ, ಹಳದಿ, ಬಿಳಿ. ಒಂದೊಂದರಲ್ಲಿ ಐವತ್ತು ತೋಟಾ. ತೋಟಾ ಮಾರುವ ಅಂಗಡಿಯವನು ನೀಲಿ ಪೆಟ್ಟಿಗೆ ಕೊಡುವಾಗ, “ಇದು ಬೆಣ್ಣೆ ಸಾರ್, ಬೆಣ್ಣೆ!” ಎಂದಿದ್ದ. ಕೆಂಪಿನ ಹೆಸರೆತ್ತಿದರೆ ಮೀಸಲಪ್ಪನಿಗೆ ಮೈಯೆಲ್ಲ ಉರಿ. ಹೋದ ವರ್ಷ ಆಯ್ಕೆಯ ದಿನ ಅವನು ಮಣ್ಣುಮುಕ್ಕಿದ್ದು ಅದೇ ಕೆಂಪಿನಿಂದ!

“ನಿನ್ನ ತಕ್ಕಡಿ ಕೊಡೇ ಸ್ವಲ್ಪ.”

“ಅದ್ರಲ್ಲಿ ಸಕ್ಕರೆ ತೂಗೋದು ರೀ!”

“ನಾನು ಯಶಸ್ಸನ್ನು ತೂಗ್ತೀನಿ.”

“ತೂಗಿ ಆದ್ಮೇಲೆ ಒರೆಸಿಡಿ,” ಎಂದಳು ಆಕೆ.

ಕಪ್ ಕೇಕಿನ ತಟ್ಟೆಯಲ್ಲಿ ಹನ್ನೆರಡು ಗುಳಿಗಳಿದ್ದವು. ಬಣ್ಣಕ್ಕೊಂದು ಸಾಲು, ಸಾಲಿನಲ್ಲಿ ಭಾರದ್ದಕ್ಕೊಂದು ಗುಳಿ, ಸಾಧಾರಣದ್ದಕ್ಕೊಂದು, ಹಗುರದ್ದಕ್ಕೊಂದು. ಒಂದೊಂದೇ ತೋಟಾ ತೂಗಿ, ಬರೆದುಕೊಂಡು, ಟಿಣ್ ಎಂದು ಗುಳಿಗೆ ಹಾಕತೊಡಗಿದ. ಕಿಟಕಿಯ ಪರದೆ ನಿಧಾನಕ್ಕೆ ಉಬ್ಬಿ ಇಳಿಯುತ್ತಿತ್ತು. ಒಲೆಯಿಂದ ಬೆಂದ ಹಿಟ್ಟಿನ ಬೆಚ್ಚನೆಯ ಸುವಾಸನೆ. ಟಿಣ್... ಟಿಣ್... ಇನ್ನೂರನೆಯದು ಬೀಳುವ ಹೊತ್ತಿಗೆ ಮೀಸಲಪ್ಪನ ರೆಪ್ಪೆಗಳೂ ಬಿದ್ದವು.

ಕನಸಿನಲ್ಲಿ ಗುರಿಕಾಗದ ಹುಣ್ಣಿಮೆಯ ಚಂದ್ರನಷ್ಟು ದೊಡ್ಡದಾಗಿತ್ತು. ಅವನ ರೈಫಲ್ಲಿನಿಂದ ಹೊರಟ ಗುಂಡುಗಳು ಅವಸರವಿಲ್ಲದೆ, ಒಂದರ ಹಿಂದೊಂದು, ಶಾಲೆ ಬಿಟ್ಟ ಮಕ್ಕಳಂತೆ ಸಾಲಾಗಿ ಹೋಗಿ ಒಂದೇ ಬಾಗಿಲಲ್ಲಿ ನುಸುಳುತ್ತಿದ್ದವು. ಡಾಕ್ಟ್ರಮ್ಮ ಅಳುತ್ತಿದ್ದರು. ಅಂಚೆಯಣ್ಣ ಇವನ ಹೆಸರಿಗೆ ಬಂದ ಅಭಿನಂದನಾ ಪತ್ರಗಳ ಮೂಟೆ ಹೊತ್ತು ಬೆವರುತ್ತಿದ್ದ. ಕೊರಳಿಗೆ ಪದಕ ಹಾಕಲು ಯಾರೋ ಬಂದರು. ಮೀಸಲಪ್ಪ ವಿನಯದಿಂದ ಕೈ ಚಾಚಿದ.

ಆ ಕೈ ತಟ್ಟೆಗೆ ತಗುಲಿತು! ಇನ್ನೂರು ತೋಟಾಗಳೂ ಝಣಝಣ ನೆಲಕ್ಕುರುಳಿದವು.

ಅಡುಗೆಮನೆಯಿಂದ ಓಡಿ ಬಂದ ಹೆಂಡತಿ ನೋಡುತ್ತಾಳೆ: ಗಂಡ ಮೇಜಿನ ಮೇಲೆ ಕೆನ್ನೆಯೂರಿ ನಗುತ್ತಾ ಮಲಗಿದ್ದಾನೆ. ಆರು ವರ್ಷಗಳಲ್ಲಿ ಅಂಥ ನಗು ಅವಳು ನೋಡಿರಲಿಲ್ಲ. ಎಬ್ಬಿಸಲು ಮನಸ್ಸು ಬರಲಿಲ್ಲ. ಮಂಡಿಯೂರಿ, ಕುರ್ಚಿಯ ಕೆಳಗೆ, ಕಪಾಟಿನ ಸಂದಿಯಲ್ಲಿ ಹೊಕ್ಕವನ್ನೆಲ್ಲ ಹೆಕ್ಕಿದಳು. ಅವಳ ಕಣ್ಣಿಗೆ ಎಲ್ಲವೂ ಒಂದೇ ಹಿತ್ತಾಳೆ, ಒಂದೇ ಗಾತ್ರ. ಪೆಟ್ಟಿಗೆಯ ಮೇಲೆ ಐವತ್ತು ಎಂದು ಬರೆದಿತ್ತು. ಕೈಗೆ ಸಿಕ್ಕಿದ್ದನ್ನು ಎಣಿಸಿ, ಒಂದೊಂದಕ್ಕೆ ಐವತ್ತರಂತೆ ತುಂಬಿಸಿ, ಮುಚ್ಚಳ ಹಾಕಿ, ತಟ್ಟೆ ತೊಳೆದಿಟ್ಟಳು.

ಎದ್ದವನು ಗಾಬರಿಯಾದ. “ಎಲ್ಲಿ ನನ್ನ ತೋಟಾ?”

“ತುಂಬಿಸಿಟ್ಟಿದ್ದೀನಿ. ಪೆಟ್ಟಿಗೆಗೆ ಐವತ್ತು, ಒಂದೂ ಹೆಚ್ಚುಕಮ್ಮಿ ಇಲ್ಲ.”

“ಆಹಾ! ತೂಕ ಹೇಗೂ ಬರೆದಾಗಿದೆ. ನಿನ್ನಂಥ ಹೆಂಡತಿ ಇದ್ರೆ ಮೂರು ಲೋಕ ಗೆಲ್ಲಬಹುದು ಕಣೇ!”

ಮದುವೆಯಾದಾಗಿನಿಂದ ಕೇಳದ ಮಾತು! ನೆಲಕ್ಕೆ ಬಿದ್ದ ಸುದ್ದಿ ಹೇಳಿ ಅದನ್ನು ಕೆಡಿಸಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ನೆಲವೇನು ಕೊಳಕಾಗಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಭಾನುವಾರ ಮುಂಜಾನೆ ಮೀಸಲಪ್ಪ ದೂರ ನೋಡುವ ಕನ್ನಡಕ ಏರಿಸಿ ಕ್ಲಬ್ಬಿಗೆ ಹೊರಟ. ಹತ್ತಿರದ್ದು ಓದುವ ಕನ್ನಡಕ ಮನೆಯಲ್ಲೇ ಉಳಿಯಿತು. ಗುರಿ ಇರುವುದು ದೂರದಲ್ಲಿ ತಾನೇ!

ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದ. ಮೊದಲು ಕೆಂಪು ಪೆಟ್ಟಿಗೆ. ಮುಚ್ಚಳ ತೆಗೆಯುತ್ತಲೇ ಹಲ್ಲು ಕಚ್ಚಿದ. “ದ್ರೋಹಿ, ಬಾ!” ಎಂದು ಗೊಣಗುತ್ತಾ ರೈಫಲ್ಲಿನ ಕುದುರೆ ಎಳೆದ. ಐದು ಗುಂಡು ಐದು ದಿಕ್ಕಿಗೆ. ಇನ್ನೈದು ಹೊಡೆದ, ಅವೂ ಹಾಗೇ. “ನೋಡಿದ್ರಾ!” ಎಂದು ಯಾರೂ ಇಲ್ಲದ ಕಡೆ ತಿರುಗಿ ಹೇಳಿದ. ಹಳದಿಯೂ ಬಿಳಿಯೂ ಸುಮಾರು. ಕೊನೆಗೆ ನೀಲಿ. ಬೆಣ್ಣೆ! ಮೈಯ ಬಿಗಿ ತಾನಾಗಿ ಸಡಿಲಿತು. ಉಸಿರು ನಿಧಾನವಾಯಿತು. ನಿನ್ನೆಯ ಕನಸು ಎಚ್ಚರದಲ್ಲೇ ಮತ್ತೆ ಬಂದು ಪಕ್ಕದಲ್ಲಿ ಮಲಗಿದಂತಾಯಿತು. ಯಾವಾಗ ಕುದುರೆ ಎಳೆದನೋ ಅವನಿಗೇ ಗೊತ್ತಿಲ್ಲ. ಹತ್ತು ತೂತುಗಳೂ ಒಂದು ಕೋಟಿನ ಗುಂಡಿಯಡಿ ಮುಚ್ಚಿಹೋಗುವಷ್ಟು ಒತ್ತಾಗಿದ್ದವು.

ಮೀಸಲಪ್ಪನ ಕಣ್ಣು ತುಂಬಿ ಬಂತು. ಮಧ್ಯಾಹ್ನವೆಲ್ಲ ಮನೆಯಲ್ಲಿ ಕೂತು ಒಂಬತ್ತು ಪುಟದ ವರದಿ ಬರೆದ. ಖಾಲಿ ತೋಟಾಗಳನ್ನು ಬೆಳಿಗ್ಗೆ ಕ್ಲಬ್ಬಿನಲ್ಲೇ, ಸಾಕ್ಷಿಗೆಂದು, ಬಣ್ಣಕ್ಕೊಂದರಂತೆ ನಾಲ್ಕು ಗಾಜಿನ ಭರಣಿಗಳಲ್ಲಿ ತುಂಬಿಸಿಟ್ಟಿದ್ದ.

ಸಂಜೆ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಹೆಂಡತಿ ಗೆಲುವಿನ ಕೇಕು ಸಮೇತ ಹಿಂದಿನ ಸಾಲಿನಲ್ಲಿ ಕೂತಳು. ಮೀಸಲಪ್ಪ ಗಂಟಲು ಸರಿಮಾಡಿಕೊಂಡ.

“ಕೆಂಪು ತೋಟಾ ನಂಬಿಕೆಗೆ ಅನರ್ಹ! ನೀಲಿ ತೋಟಾ ಸಾಧುಸಂತರ ಸಮಾನ! ಇದು ನನ್ನ ಅಭಿಪ್ರಾಯವಲ್ಲ ಮಹಾಜನರೇ, ವಿಜ್ಞಾನ!”

ಚಪ್ಪಾಳೆ ಬಿತ್ತು. ಅಂಚೆಯಣ್ಣನ ಮುಖ ಸಣ್ಣದಾಯಿತು. ಡಾಕ್ಟ್ರಮ್ಮ ಪೆನ್ನು ತೆಗೆದು ನಾಲ್ಕನೇ ಹೆಸರು ಬರೆಯಲು ಹೊರಟರು. ಅಷ್ಟರಲ್ಲಿ, ಕ್ಲಬ್ಬಿನ ತೋಟಾ ಕೋಣೆ ಕಾಯುವ ಅಜ್ಜ ನೀಲಿ ಭರಣಿಯಿಂದ ನಾಲ್ಕು ಖಾಲಿ ತೋಟಾ ತೆಗೆದು ತಿರುಗಿಸಿ ನೋಡಿದ.

“ಒಂದ್ನಿಮಿಷ ಅಮ್ಮ. ತೋಟಾದ ತಳದಲ್ಲಿ ಕಂಪನಿ ಗುರುತು ಇರ್ತದೆ. ನೀಲಿದು ನಕ್ಷತ್ರ. ಇದು ನಕ್ಷತ್ರ, ಸರಿ. ಇದು ಜಿಂಕೆ, ಹಳದಿ ಕಂಪನಿದು. ಇದು ಬಾಣ, ಬಿಳಿದು. ಇದು ಕಿರೀಟ... ಇದು ಕೆಂಪಿನದಲ್ಲವಾ?”

“ಅಷ್ಟು ಸಣ್ಣದು ನಿಮಗೆ ಹೇಗೆ ಕಾಣ್ತು ಅಜ್ಜ?” ಮೀಸಲಪ್ಪನ ದನಿ ಕೀರಲಾಯಿತು.

“ನೀವೇ ಹೋದ ತಿಂಗಳು ಮಾಡಿಕೊಟ್ಟ ಕನ್ನಡಕ ಸ್ವಾಮಿ. ಎಂಥಾ ಚೆನ್ನಾಗಿ ಕಾಣ್ತದೆ ಅಂತೀರಿ!”

ಭರಣಿಗಳನ್ನು ಸುರುವಿದರು. ಎಲ್ಲದರಲ್ಲೂ ಎಲ್ಲ ಜಾತಿ ಬೆರೆತಿತ್ತು. ಹಿಂದಿನ ಸಾಲಿನಿಂದ ಹೆಂಡತಿ ಎದ್ದು ನಿಂತಳು.

“ತಪ್ಪು ನಂದು. ನಿದ್ದೇಲಿ ಇವರ ಕೈ ತಗಲಿ ಎಲ್ಲಾ ಬಿದ್ದೋಯ್ತು. ಕನಸು ಕಾಣ್ತಿದ್ರು, ಎಬ್ಬಿಸೋಕೆ ಆಗ್ಲಿಲ್ಲ. ಸಿಕ್ಕಿದ್ದನ್ನ ಸಿಕ್ಕಿದ ಕಡೆ ತುಂಬಿಸ್ಬಿಟ್ಟೆ.”

ಡಾಕ್ಟ್ರಮ್ಮ ಪೆನ್ನಿನ ಮುಚ್ಚಳ ಹಾಕಿದರು. “ಅಂದ್ರೆ ನಾಲ್ಕೂ ಪೆಟ್ಟಿಗೇಲಿ ಇದ್ದದ್ದು ಒಂದೇ ಕಲಸುಮೇಲೋಗರ. ಆದ್ರೂ ಕೆಂಪು ಚದುರಿತು, ನೀಲಿ ಕೂಡಿತು. ಹಾಗಾದ್ರೆ ಚದುರಿದ್ದು ಯಾರು ಸ್ವಾಮಿ?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ತುಟಿಯಂಚಿನಲ್ಲೂ ಆ ಗಾದೆ ಇತ್ತು. ಮೀಸಲಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟ್ರಮ್ಮನ ತಲೆಯಲ್ಲಿ ಬೇರೆ ಯೋಚನೆ ಓಡುತ್ತಿತ್ತು. ಉಳಿದ ತೋಟಾಗಳನ್ನು ಬಣ್ಣವಿಲ್ಲದ ಡಬ್ಬಿಗಳಿಗೆ ತುಂಬಿಸಲು ಅವನ ಹೆಂಡತಿಗೇ ಹೇಳಿ, ಎಲ್ಲರಿಂದಲೂ ಹತ್ತು ಹತ್ತು ಹೊಡೆಸಿದರು. ಬೈಯಲು ಹೆಸರೇ ಇಲ್ಲ, ಹೊಗಳಲೂ ಇಲ್ಲ! ತಂಡದ ಮೂವರೂ ಎಂದಿಗಿಂತ ಚೆನ್ನಾಗಿ ಹೊಡೆದರು. ಅಂಚೆಯಣ್ಣನಿಗೆ ನೂರಕ್ಕೆ ತೊಂಬತ್ತೊಂದು. ಮೀಸಲಪ್ಪನಿಗೆ ತೊಂಬತ್ತು. ಒಂದೇ ಒಂದು ಅಂಕಕ್ಕೆ ನಾಲ್ಕನೇ ಜಾಗ ಕೈತಪ್ಪಿತು!

ಖಾಲಿ ಭರಣಿಗಳ ಚೀಲ ಹೊತ್ತು ಅವನು ಹೆಂಡತಿಯ ಜೊತೆ ಮನೆಯ ಕಡೆ ನಡೆದ. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

“ಬೇಜಾರಾ?” ಎಂದಳು ಹೆಂಡತಿ.

“ಹೂಂ.”

“ಬೆಳಿಗ್ಗೆ ಬೆಣ್ಣೆ ಹಾಗೆ ಹೊಡೆದ್ರಲ್ಲ, ಆ ಕೈ ಯಾರದು? ನಿಮ್ಮದೇ ತಾನೇ?”

ಅವನಿಗೆ ಅದು ಹೊಳೆದೇ ಇರಲಿಲ್ಲ. ಮನೆ ಬರುವ ಹೊತ್ತಿಗೆ ಎದೆ ಎಷ್ಟೋ ಹಗುರಾಗಿತ್ತು.

ಬುಧವಾರ ಅಂಚೆಯಣ್ಣನೇ ಒಂದು ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ತಂಡದ ಹಸಿರು ಅಂಗಿ! ಕೊನೆಗೂ ಮನಸ್ಸು ಕರಗಿತೇ ಡಾಕ್ಟ್ರಮ್ಮನಿಗೆ! ಮೀಸಲಪ್ಪ ಕಣ್ಣು ಮುಚ್ಚಿ, ನಿಧಾನವಾಗಿ, ಆರು ವರ್ಷಗಳ ಆಸೆಯನ್ನೆಲ್ಲ ಕೂಡಿಸಿ ತೋಳು ತೂರಿಸಿದ. ಮೊಣಕೈ ದಾಟಿ ಅಂಗಿ ಮುಂದೆ ಹೋಗಲಿಲ್ಲ. ಎಳೆದ. ಎಲ್ಲೋ ಚರ್ರ್ ಅಂದಿತು.

“ಅಯ್ಯೋ, ಬಿಡ್ರೀ, ಹರಿದೀತು!” ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಇನ್ಮೇಲೆ ಪಂದ್ಯದ ದಿನ ತೋಟಾ ತುಂಬಿಸೋದು ನಾನೇ ಅಂತೆ. ಡಾಕ್ಟ್ರಮ್ಮ ಫೋನ್ ಮಾಡಿ ನನ್ನ ಅಳತೆ ತಗೊಂಡಿದ್ರು.”