ಸಾಯುವ ಮುನ್ನ ಒಂದು ಮಾತು

ಅತ್ತೆಯ ದೂರು ಒಂದೇ. "ಈ ಡಬ್ಬಿ ಸಾಯೋಕೆ ಮುಂಚೆ ಒಂದು ಮಾತು ಹೇಳಿ ಸಾಯಬಾರದಾ?"

ಡಬ್ಬಿ ಅಂದರೆ ಅವರು ಕಾದಂಬರಿ ಕೇಳುವ ಅಂಗೈಯಗಲದ ಪ್ಲೇಯರ್. ಬ್ಯಾಟರಿ ಮುಗಿಯುತ್ತ ಬಂದರೆ ಅದರ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿನುಗುತ್ತದೆ. ಕಣ್ಣು ಕಾಣದ ಅತ್ತೆಗೆ ಆ ಕೆಂಪು ಕಟ್ಟಿಕೊಂಡು ಆಗಬೇಕಾದ್ದೇನು? ಪತ್ತೇದಾರ ಬಾಗಿಲು ಒದೆಯುವ ಹೊತ್ತಿಗೆ ಸರಿಯಾಗಿ ಡಬ್ಬಿ ಗಪ್‌ಚಿಪ್. ಮತ್ತೆ ಚಾರ್ಜ್ ಆಗುವಷ್ಟರಲ್ಲಿ ನಾಲ್ಕು ಗಂಟೆ ಹೊಡೆದು, ಅದೇ ಕಾದಂಬರಿ ಕೇಳುತ್ತಿದ್ದ ಗೆಳತಿ ಎಂದಿನಂತೆ ನಾಲ್ಕಕ್ಕೆ ಸರಿಯಾಗಿ ಫೋನ್ ಮಾಡಿ ಕೊಲೆಗಾರ ಯಾರೆಂದು ಹೇಳಿಯೇ ಬಿಡುತ್ತಿದ್ದರು. ಮೂರು ಕಾದಂಬರಿ ಹೀಗೇ ಹಾಳಾಗಿದ್ದವು. ನಾಲ್ಕನೆಯದನ್ನಾದರೂ ತಾನೇ ಕೇಳಿ ಮುಗಿಸಬೇಕೆಂದು ಅತ್ತೆ ಹಟ ಹಿಡಿದಿದ್ದರು.

ಅಳಿಯ ಮೊಬೈಲ್ ರಿಪೇರಿ ಅಂಗಡಿಯವನು. ಸತ್ತ ಫೋನುಗಳಿಗೆ ಜೀವ ತುಂಬುವುದೇ ಕಸುಬು. ಇದು ಯಾವ ಮಹಾ ಕೆಲಸ ಎಂದು ಪ್ಲೇಯರ್ ಕೈಗೆತ್ತಿಕೊಂಡ.

"ಒಂದು ಸಲ ಕುಂಯ್ ಅನ್ನಿಸಿದರೆ ಸಾಕು, ಅಳಿಯಂದಿರೇ," ಅಂದರು ಅತ್ತೆ.

ಕುಂಯ್ ಅಂತೆ. ವರ್ತಕರ ಸಂಘದ ವಾರ್ಷಿಕೋತ್ಸವದಲ್ಲಿ ನಿರೂಪಣೆ ಮಾಡಿ ಚಪ್ಪಾಳೆ ಗಿಟ್ಟಿಸಿದ ಕಂಠ ಮನೆಯಲ್ಲೇ ಇರುವಾಗ ಕುಂಯ್ ಯಾಕೆ? (ಚಪ್ಪಾಳೆ ಬಿದ್ದದ್ದು ಅವನು ಮೈಕು ಬಿಟ್ಟಿದ್ದಕ್ಕೆ ಎಂಬುದು ಹೆಂಡತಿಯ ವಾದ.) ಭಾನುವಾರ ಬೆಳಗ್ಗೆಯೆಲ್ಲ ಕೂತು ಪ್ಲೇಯರಿನ ಹೊಟ್ಟೆಗೆ ತನ್ನ ಧ್ವನಿ ತುಂಬಿದ. ಗುಂಡಿಗಳು ಕೈಗೆ ತಿಳಿಯಲೆಂದು ಐದಕ್ಕೂ ಒಂದೊಂದು ಅಂಟಿನ ಹನಿ ಇಟ್ಟು ಒಣಗಿಸಿದ.

ಅತ್ತೆ ಬೆರಳಾಡಿಸಿದರು. "ಐದೂ ಒಂದೇ ಥರ ಇದೆಯಲ್ಲ. ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು?"

"ರೀ, ಕಣ್ಣು ಮುಚ್ಚಿಕೊಂಡು ನೀವೇ ಒಂದು ಸಲ ಒತ್ತಿ ನೋಡಿದ್ರಾ?" ಹೆಂಡತಿ ಕೇಳಿದಳು.

"ಮಾಡಿದವನಿಗೇ ಪರೀಕ್ಷೆ ಯಾಕೆ?"

ಅತ್ತೆ ಹಳೆಯ ಅಂದಾಜಿನ ಮೇಲೆಯೇ ಗುಂಡಿ ಒತ್ತಿ ಕೊನೆಯ ಅಧ್ಯಾಯ ಹಾಕಿದರು. ಆಗ ಮೂರು ಗಂಟೆ. ಮೂವರೂ ಕಿವಿಯಾಗಿ ಕೂತರು. ಅರ್ಧ ಗಂಟೆಯಾದ ಮೇಲೆ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಸೇರಿಸಿ ಗಂಟಲು ಸರಿಮಾಡಿಕೊಂಡ.

"ಮನೆಯೊಡತಿಗೆ ವಿಷ ಹಾಕಿದವನು ಇನ್ಯಾರೂ ಅಲ್ಲ..."

"ನಮಸ್ಕಾರ, ನಾನು ನಿಮ್ಮ ಅಳಿಯ," ಅಂದಿತು ಪ್ಲೇಯರ್. "ಪರಮಪೂಜ್ಯ ಅತ್ತೆಯವರ ಸನ್ನಿಧಾನಕ್ಕೆ ವಿನಮ್ರ ವಿಜ್ಞಾಪನೆ ಏನೆಂದರೆ, ತಮ್ಮ ಈ ಶ್ರವಣಯಂತ್ರದ ವಿದ್ಯುತ್ ಸಂಗ್ರಹವು ಕ್ರಮೇಣ ಕ್ಷೀಣಿಸುತ್ತಾ..."

ಅಲ್ಲಿಗೆ ಪ್ಲೇಯರ್ ಪ್ರಾಣ ಬಿಟ್ಟಿತು.

"ಇನ್ನೊಂದು ಮಾತು ಹೇಳೋಷ್ಟು ಬ್ಯಾಟರಿ ಇತ್ತು," ಹೆಂಡತಿ ಹಲ್ಲು ಕಚ್ಚಿದಳು. "ಅದನ್ನೂ ನೀವೇ ತಿಂದ್ರಿ."

ಅಳಿಯ ಓಡಿಹೋಗಿ ಚಾರ್ಜಿಗೆ ಹಾಕಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆದರೆ ಅತ್ತೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದನ್ನು ನೋಡಿ ಅವನಿಗೆ ನಿಜಕ್ಕೂ ಸಂಕಟವಾಯಿತು. ಗಡಿಯಾರ ನೋಡಿದ, ಪ್ಲೇಯರ್ ನೋಡಿದ, ಮತ್ತೆ ಗಡಿಯಾರ ನೋಡಿದ. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಡಬ್ಬಿಗೆ ಜೀವ ಬಂತು. ಬಿಟ್ಟ ಜಾಗ ಹುಡುಕಿ ಹಾಕಿದ.

"...ಇನ್ಯಾರೂ ಅಲ್ಲ, ಈ ಮನೆಯ ಅಳಿಯ," ಅಂದ ಪತ್ತೇದಾರ.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಡಿಗೆಮನೆಗೆ ಓಡಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತೆ ಗತ್ತಿನಿಂದ ಎತ್ತಿದರು.

"ನೀನೇನೂ ಹೇಳೋದು ಬೇಡ ಬಿಡು. ನಂಗೆ ಮೂರೂವರೆಗೇ ಗೊತ್ತಾಯ್ತು. ನಮ್ಮ ಅಳಿಯಂದಿರು ನಮಸ್ಕಾರ ಹೇಳಿ ತಾವಾಗೇ ಒಪ್ಪಿಕೊಂಡ್ರು."