ಪೋಲೆಂಡಿನ ಬೀಗರು

ಧಾರವಾಡದಲ್ಲಿ ಪ್ರಾಧ್ಯಾಪಕನಾಗಿರುವ ನನ್ನ ಹಳೆಯ ಗೆಳೆಯ ಒಂದು ದಿನ ಫೋನ್ ಮಾಡಿದ. "ಪೋಲೆಂಡ್ ದೇಶದಿಂದ ಒಂದಿಷ್ಟು ಹುಡುಗ್ರು ಓದಾಕ ಬಂದಾರ. ನಿಮ್ಮ ಕಡೆ ಹಳ್ಳಿ, ಗುಡಿ, ಸಂಸ್ಕೃತಿ ಅಂತ ಒಂದಿನ ಅಡ್ಡಾಡಿಸ್ತಿಯೇನಪಾ?"

ನಾನು ಅಣ್ಣಿಗೇರಿಯಲ್ಲಿ ಇಂಗ್ಲಿಷ್ ಉಪನ್ಯಾಸಕ. ಇಂಗ್ಲಿಷ್ ಮಾತಾಡುವ ಮಂದಿ ಸಿಗದೆ ನನ್ನ ಇಂಗ್ಲಿಷ್ ತುಕ್ಕು ಹಿಡಿಯುತ್ತಿತ್ತು. "ನನ್ನ ಕೈಗೆ ಕೊಟ್ಟಿ ಅಂದ್ರ ಮುಗೀತು ಬಿಡು" ಎಂದೆ.

ಮುಗಿದದ್ದು ನಿಜ!

ಯೋಜನೆ ಸರಳವಾಗಿತ್ತು. ಬೆಳಿಗ್ಗೆ ನವಲಗುಂದದಲ್ಲಿ ಜಮಖಾನೆ ನೇಯುವುದನ್ನು ನೋಡುವುದು. ಆಮೇಲೆ ಅಣ್ಣಿಗೇರಿಯ ಗುಡಿ. ಊಟದ ಹೊತ್ತಿಗೆ ಕುಬಿಹಾಳ. ಅಲ್ಲಿ ನನ್ನ ಹೆಂಡತಿ ಗಿರಿಜಾ ಶಾಲಾ ಶಿಕ್ಷಕಿ. ಹೊಸದಾಗಿ ವರ್ಗವಾಗಿ ಹೋಗಿದ್ದಳು. ನಾನು ಆ ಊರಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

"ಏನ್ರೀ, ಹೊತ್ತಿಗೆ ಸರಿಯಾಗಿ ಬರ್ರಿ ಮತ್ತ" ಎಂದು ಅವಳು ಬೆಳಿಗ್ಗೆ ಎಚ್ಚರಿಸಿದಳು. "ಹುಡುಗ್ರು ಹಾಡು ಕಲ್ತಾವ. ಊರ ಹೆಣ್ಮಕ್ಕಳು ಶೇಂಗಾ ಹೋಳಿಗಿ ಮಾಡಾಕತ್ತಾರ. ಹೊಸ ಊರು, ನನ್ನ ಮರ್ಯಾದಿ ಪ್ರಶ್ನೆ ಐತಿ."

"ನಾ ಅದೀನಲ್ಲ!" ಎಂದೆ. ಅವಳ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ.

ನವಲಗುಂದದಲ್ಲಿ ಬೀಬಿಜಾನ್ ಚಾಚಿಯ ಮಗ್ಗದ ಮುಂದೆ ನಿಂತು, ಜಮಖಾನೆಯ ನವಿಲಿಗೂ ಮನುಷ್ಯನ ಅಂತರಾತ್ಮಕ್ಕೂ ಇರುವ ನಂಟನ್ನು ನಾನು ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ನಂಟು ನನಗೂ ಆಗಲೇ ಹೊಳೆದಿತ್ತು. ವಿದ್ಯಾರ್ಥಿಗಳ ಮುಂದಾಳು ಆನಾ ಎಂಬ ಹುಡುಗಿ ನನ್ನ ಮಾತು ಮುಗಿಯುವುದರೊಳಗೆ ಚಾಚಿಯ ಪಕ್ಕದಲ್ಲಿ ಕುಳಿತು ದಾರ ಹಿಡಿದೇ ಬಿಟ್ಟಿದ್ದಳು. ಏಳಲು ಒಲ್ಲಳು!

"ಹೊತ್ತಾಗತೈತಿ ಚಾಚಿ" ಎಂದೆ.

"ಇರ್ಲಿ ಬಿಡ್ರಿ ಸರ, ಕೂಸು ಕಲೀಲಿ. ನೀವು ಹೊರಗ ನಿಂತು ಮಾತಾಡ್ರಿ, ಇಲ್ಲೆ ದಾರ ಸಿಕ್ಕಾಗತಾವ" ಎಂದಳು ಚಾಚಿ.

ಅಣ್ಣಿಗೇರಿಯ ಗುಡಿಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಗುಡಿಯೊಳಗೆ ಸದ್ದಾಗಬಾರದೆಂದು ಫೋನಿನ ಗಂಟಲು ಕಟ್ಟಿ ಕಿಸೆಗೆ ಹಾಕಿದೆ. ಸಂಸ್ಕಾರವಂತ ಮನುಷ್ಯ ನಾನು. ಆಮೇಲೆ ಚಾಲುಕ್ಯರ ಕಂಬವೊಂದನ್ನು ತಟ್ಟುತ್ತ ಶಿಲ್ಪಕಲೆಯ ಬಗ್ಗೆ ದೀರ್ಘವಾಗಿ ಮಾತಾಡಿದೆ. ಪ್ರಶ್ನೆಗಳಿವೆಯೇ ಎಂದು ತಿರುಗಿದರೆ ಒಬ್ಬರೂ ಇಲ್ಲ! ಎಲ್ಲರೂ ಹೊರಗೆ ಚುರುಮುರಿಯ ಗಿರ್ಮಿಟ್ ಮಾರುವ ಗಾಡಿಯ ಸುತ್ತ ನಿಂತು, ಮೆಣಸಿನಕಾಯಿ ಕಚ್ಚಿ, ಕಣ್ಣೀರು ಸುರಿಸುತ್ತ ನಗುತ್ತಿದ್ದರು.

"ಕರೀಬಾರದೇನಪಾ?" ಎಂದು ನಮ್ಮ ಮಿನಿಬಸ್ಸಿನ ಡ್ರೈವರ್ ಮೌಲಾನನ್ನು ಗದರಿದೆ.

"ನೀವು ಕಂಬದ ಸಂಗಟ ಮಾತಾಡಾಕತ್ತಿದ್ರಿ ಸರ. ನಡುವ ಬಾಯಿ ಹಾಕೂದು ಚಲೋ ಅಲ್ಲ ಅಂತ ಸುಮ್ಮನಿದ್ದೆ."

ತಡವಾಗಿತ್ತು. ಹೀಗಾಗಿ ಅಡ್ಡದಾರಿ ಹಿಡಿಯುವ ನಿರ್ಧಾರ ಕೈಗೊಂಡೆ. "ಹೊಲದ ದಾರಿ ಹಿಡಿ ಮೌಲಾ."

"ಅಕ್ಕಾವ್ರಿಗೆ ಒಂದು ಫೋನ್ ಮಾಡಿ ಕೇಳೂಣೇನ್ರಿ?"

"ನಮ್ಮ ಜಿಲ್ಲಾದಾಗ ನಾ ದಾರಿ ಕೇಳೂದೇನ್ಲೇ?"

ಎರೆ ಹೊಲಗಳ ನಡುವೆ ಕುಲುಕಾಡಿ ಕುಲುಕಾಡಿ ಕೊನೆಗೊಂದು ಊರು ಬಂತು. ಊರ ಹೆಸರಿನ ಫಲಕದ ಮೇಲೆ ಯಾರದೋ ಹುಟ್ಟುಹಬ್ಬದ ಬ್ಯಾನರು ಕಟ್ಟಿದ್ದರು. ಆದರೆ ಮುಂದೆ ದೊಡ್ಡ ಹಂದರ, ಮಾವಿನ ತೋರಣ, ಸಿಂಗರಿಸಿಕೊಂಡ ಜನ! ನಮ್ಮ ಬಸ್ಸು ಕಂಡದ್ದೇ ತಡ, ಬ್ಯಾಂಡಿನವರು ಶುರು ಹಚ್ಚಿದರು. ಗಿರಿಜಾ ಇಷ್ಟು ದೊಡ್ಡದಾಗಿ ಏರ್ಪಾಡು ಮಾಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಹೆಮ್ಮೆ ಎನಿಸಿತು.

ಇಳಿಯುತ್ತಿದ್ದಂತೆ ತಂಬಿಗೆಯಲ್ಲಿ ನೀರು ಕೊಟ್ಟರು. ಆರತಿ ಬೆಳಗಿದರು. ಹುಡುಗರಿಗೆಲ್ಲ ಹಾರ ಹಾಕಿದರು. ಯಾನ್ ಎಂಬ ಎತ್ತರದ ಹುಡುಗನಿಗೆ ಹಾರ ಹಾಕಲು ಒಬ್ಬಾತ ಕುರ್ಚಿ ಹತ್ತಿದ. ಮನೆಯ ಯಜಮಾನರಂತಿದ್ದವರು ಕೈ ಮುಗಿದು, "ಬರ್ರಿ ಬರ್ರಿ, ಭಾಳ ತಡ ಆತಲ್ರಿ! ಮೊದಲ ಫಳಾರ ಮಾಡ್ರಿ" ಎಂದು ಒಳಗೆ ಕರೆದೊಯ್ದರು. ಶಿರಾ, ಉಪ್ಪಿಟ್ಟು, ಮಿರ್ಚಿ ಭಜಿ. ಬೇಡವೆಂದರೆ ಇನ್ನೊಂದು ಸೌಟು. ಗಿರಿಜಾ ಕಾಣಲಿಲ್ಲ. ಅಡುಗೆಯ ಕಡೆ ಇದ್ದಾಳೆಂದುಕೊಂಡು ನಾನೂ ಇನ್ನೊಂದು ಸಲ ಶಿರಾ ಹಾಕಿಸಿಕೊಂಡೆ.

ಅಲ್ಲೇ ಮೈಕು ಇತ್ತು. ಮೈಕಿಗೆ ನಾನು ಎಂದೂ ಅನ್ಯಾಯ ಮಾಡಿದವನಲ್ಲ. ಯಾನ್‌ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಅವನ ಹೆಗಲ ಮೇಲೆ ಕೈಯಿಟ್ಟು ಘೋಷಿಸಿದೆ: "ಬಂಧುಗಳೇ, ಇಂದಿನಿಂದ ಈ ಊರಿಗೂ ಪೋಲೆಂಡ್ ದೇಶಕ್ಕೂ ಬಿಡಿಸಲಾಗದ ಸಂಬಂಧ ಬೆಸೆಯಿತು!"

ಚಪ್ಪಾಳೆ ಬರಲಿಲ್ಲ. ಹೆಂಗಸರ ನಡುವಿನಿಂದ ಒಬ್ಬ ಅಜ್ಜಿ ಎದ್ದು ನಿಂತಳು.

"ಯವ್ವಾ! ಕೂಸಿನ್ನ ಈ ಉದ್ದನ್ನಾವಗ ಕೊಡಾಕತ್ತಾರೇನ? ರೋಣದ ವರ ಅಂದಿದ್ರಲ್ಲಬೇ!"

ಯಜಮಾನರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ತಪ್ಪು ತಿಳೀಬ್ಯಾಡ್ರಿ ಸರ. ಇವರು ಹುಡುಗನ ಗೆಳ್ಯಾರು, ಹುಡುಗ ಹಿಂದಿನ ಗಾಡ್ಯಾಗ ಬರತಾನ ಅಂತ ತಿಳಿದಿದ್ವಿ. ನೀವು ವರನ ಕಡಿಂದ ಏನಾಗಬೇಕ್ರಿ?"

"ಯಾವ ವರ?" ಎಂದೆ ನಾನು.

ಅವರ ಮುಖ ಬಿಳುಚಿತು. ಸರಿಯಾಗಿ ಆಗಲೇ ಹೊರಗೆ ಇನ್ನೊಂದು ಬಸ್ಸಿನ ಹಾರ್ನ್ ಕೇಳಿಸಿತು. ನಿಜವಾದ ಬೀಗರು ಬಂದಿದ್ದರು!

ಬ್ಯಾಂಡಿನವರ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಆರತಿ ಆರಿತ್ತು. ಹಾರಗಳೆಲ್ಲ ಪೋಲೆಂಡಿನ ಕೊರಳಲ್ಲಿದ್ದವು. ವರನ ಸೋದರಮಾವ, ತಲೆಗೆ ಕೆಂಪು ಪಟಕಾ ಸುತ್ತಿದ ಮನುಷ್ಯ, ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟ. "ಬೀಗರನ್ನ ಎದುರುಗೊಳ್ಳಾಕ ಒಬ್ಬರೂ ಇಲ್ಲ? ಇಂಥಾ ಊರಾಗ ನಾವು ಕಾಲ ಇಡಂಗಿಲ್ಲ! ಗಾಡಿ ತಿರಗಸಲೇ!"

ಹುಡುಗಿಯ ತಂದೆಯಾದ ಆ ಯಜಮಾನರು ಬಸ್ಸಿನತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದರು. ವಿಷಯವನ್ನು ಸವಿಸ್ತಾರವಾಗಿ ನಿವೇದಿಸೋಣವೆಂದು ನಾನು ಬಾಯಿ ತೆರೆದೆ. ಅವರು ನನಗೇ ಕೈ ಮುಗಿದರು. "ಸರ, ನೀವು ಮಾತ್ರ ಮಾತಾಡಬ್ಯಾಡ್ರಿ!"

ಹೀಗಾಗಿ ಆನಾಳಿಗೆ ಇಂಗ್ಲಿಷಿನಲ್ಲಿ ಸಂಗತಿ ತಿಳಿಸಿದೆ. ಇಡೀ ದಿನದಲ್ಲಿ ನಾನು ಚಿಕ್ಕದಾಗಿ ಹೇಳಿದ್ದು ಅದೊಂದೇ. ಅವಳು ತನ್ನ ಹುಡುಗರಿಗೆ ಅವರ ಭಾಷೆಯಲ್ಲಿ ಏನೋ ಕೂಗಿದಳು. ಎಲ್ಲರೂ ಹಾರ ತೆಗೆದು ಕೈಯಲ್ಲಿ ಹಿಡಿದರು. ಹುಡುಗಿಯ ತಾಯಿ ಆರತಿಗೆ ಮತ್ತೆ ಎಣ್ಣೆ ಹಾಕಿ ಹಚ್ಚಿ, ಆನಾಳನ್ನೂ ಜೊತೆಗೆ ಕರೆದುಕೊಂಡು ನಡೆದಳು. ಯಾನ್ ತಂಬಿಗೆ ಹಿಡಿದು ಮುಂದೆ ಹೋದ. ತಮಗೆ ಮಾಡಿದ್ದನ್ನೆಲ್ಲ ಅವರು ಒಂದೂ ಬಿಡದೆ ಬೀಗರಿಗೆ ಮಾಡಿದರು. ಬ್ಯಾಂಡಿನವರು ತಟ್ಟೆ ಕೆಳಗಿಟ್ಟು ಬಾರಿಸತೊಡಗಿದರು.

ಸೋದರಮಾವ ಕಣ್ಣು ಕಿರಿದು ಮಾಡಿ ನೋಡಿದ. ಒಂದು ಮೆಟ್ಟಿಲು ಇಳಿದ. ಆನಾ ಹಣೆಗೆ ಕುಂಕುಮ ಹಚ್ಚಿದಾಗ ಇನ್ನೊಂದು ಇಳಿದ. ಆಮೇಲೆ ಮೀಸೆ ತಿರುವಿ ತನ್ನವರ ಕಡೆ ತಿರುಗಿ, "ನೋಡ್ರಲೇ! ನಮ್ಮನ್ನ ಎದುರುಗೊಳ್ಳಾಕ ಫಾರಿನ್ನಿಂದ ಮಂದಿ ಕರಸ್ಯಾರ!" ಎಂದ. ತಕ್ಷಣ ಯಾನ್ ಜೊತೆ ಫೋಟೋ ಬೇಕೆಂದ. ಹುಡುಗಿಯ ತಂದೆ ಹಂದರದ ಗಳ ಹಿಡಿದು ಉಸಿರು ಬಿಟ್ಟರು. ನಾನು ಗಳದ ಹಿಂದೆ ನಿಂತಿದ್ದೆ.

ಆಗ ಫೋನ್ ನೆನಪಾಯಿತು. ಪರದೆಯ ತುಂಬ ಗಿರಿಜಾಳ ಕರೆಗಳು.

"ಎಲ್ಲಿ ಅದೀರಿ?"

"ಮದುವಿ ಮನ್ಯಾಗ."

"ಯಾರ ಮದುವಿ?"

"ಗೊತ್ತಿಲ್ಲ."

ಅವಳು ಫೋನ್ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಕುಬಿಹಾಳ ಮುಟ್ಟುವಾಗ ಹೊತ್ತು ಇಳಿದಿತ್ತು. ಮಕ್ಕಳು ಬಾಡಿದ ಗುಲಾಬಿ ಹಿಡಿದು ಸಾಲಾಗಿ ನಿಂತೇ ಇದ್ದರು. ಆದರೂ ಹಾಡನ್ನು ಎಷ್ಟು ಜೋರಾಗಿ ಹಾಡಿದರೆಂದರೆ ಆನಾ ಕಣ್ಣೊರೆಸಿಕೊಂಡಳು. ಆಮೇಲೆ ಹೋಳಿಗೆ ಬಂತು. ಹೊಟ್ಟೆಯಲ್ಲಿ ಶಿರಾ ಹೊತ್ತುಕೊಂಡಿದ್ದ ಹುಡುಗರು, ಪಕ್ಕದಲ್ಲೇ ನಿಂತು ತುಪ್ಪ ಸುರಿಯುತ್ತಿದ್ದ ಹೆಣ್ಣುಮಕ್ಕಳ ಮುಖ ನೋಡಿ, ಒಂದು ತುಣುಕೂ ಬಿಡದೆ ತಿಂದರು. ಯಾನ್ ಸೊಂಟದ ಪಟ್ಟಿ ಸಡಿಲಿಸುವುದನ್ನು ಕಂಡೆ. ಗಿರಿಜಾಳ ಮರ್ಯಾದೆ ಉಳಿಯಿತು. ಅವಳು ಎಲ್ಲರ ಜೊತೆ ನಗುತ್ತ ಮಾತಾಡಿದಳು. ನನ್ನ ಕಡೆ ಮಾತ್ರ ಒಮ್ಮೆಯೂ ತಿರುಗಲಿಲ್ಲ.

ನನ್ನನ್ನು ವೇದಿಕೆಯ ಮೇಲೆ ಪೋಲೆಂಡಿನವರ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂಡಿಸಿದರು. ಆನಾ ಕೇಳಿದ್ದಕ್ಕೆಲ್ಲ ನಾನು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದೆ. ಪಕ್ಕದಲ್ಲಿ ದಪ್ಪ ಗಾಜಿನ ಕನ್ನಡಕ ಹಾಕಿದ ಊರ ಹಿರಿಯರೊಬ್ಬರು ಕುಳಿತಿದ್ದರು. "ಹೋಳಿಗಿ ಭಾಳ ಚಲೋ ಆಗ್ಯಾವ್ರಿ" ಎಂದೆ ಅವರಿಗೆ.

ಅವರು ಬೆರಗಾಗಿ ನನ್ನ ಕೈ ಹಿಡಿದುಕೊಂಡರು.

"ಅಬಬಾ! ನೀವು ಕನ್ನಡ ಎಷ್ಟು ಸ್ವಚ್ಛ ಮಾತಾಡ್ತೀರಲ್ರಿ! ಎಲ್ಲಿ ಕಲತ್ರಿ?"

"ಅಣ್ಣಿಗೇರ್ಯಾಗ್ರಿ" ಎಂದೆ.

"ಶಾಣ್ಯಾ ಅದೀರಿ" ಎಂದು ಅವರು ಬೆನ್ನು ತಟ್ಟಿದರು.

ಇಡೀ ದಿನ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ತಿದ್ದಲು ಮನಸ್ಸು ಬರಲಿಲ್ಲ.