ರಘುಪತಿ ಮಾಸ್ತರರ ಮಡಿ ಕಂಪ್ಯೂಟರ್

ಸೊರಬದ ರಘುಪತಿ ಮಾಸ್ತರರು ಕಂಪ್ಯೂಟರಿಗೂ ಮಡಿಯುಂಟೆಂದು ನಂಬಿದವರು. ತೀರಿಕೊಂಡ ಹೆಂಡತಿ ನಾಗವೇಣಿಯ ಹೆಸರಿನಲ್ಲಿ ಶಿಕಾರಿಪುರದ ಒಂದು ವಾಚನಾಲಯಕ್ಕೆ ಆರು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಎಲ್ಲಕ್ಕೂ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದರು. ಅದರ ಒಳಬರಹವನ್ನು, ಅಂದರೆ ಕೋಡನ್ನು, ಯಾರು ಬೇಕಾದರೂ ಓದಿ ತಿದ್ದಬಹುದು. ಇಂದು ಸಂಜೆ ವಾಚನಾಲಯದ ಸಮಿತಿ ಬಂದು ನೋಡಿ ಒಪ್ಪದಿದ್ದರೆ ಆರೂ ಗುಜರಿಗೆ.

ಬೆಳಿಗ್ಗೆಯ ಬಸ್ಸಿಗೆ ಬಂದು, ಕೈಮುಗಿದು, ಭದ್ರತಾ ಅಪ್‌ಡೇಟ್ ಒತ್ತಿದರು. ಪರದೆಯಲ್ಲಿ ಒಂದು ಸಾಲು ಕಂಡಿತು: ವೈ-ಫೈ ನಡೆಸುವ ತಂತ್ರಾಂಶದ ತುಣುಕು ಕಂಪನಿಯದು, ಅದರ ಒಳಬರಹ ಯಾರಿಗೂ ಸಿಗದು. ಮಡಿ ಅಡುಗೆಗೆ ಹೋಟೆಲ್ ಸಾರು ಬೆರೆತಂತಾಯಿತು. ಆರರಿಂದಲೂ ಅದನ್ನು ಕಿತ್ತುಹಾಕಿದರು. ಇಂಟರ್ನೆಟ್ಟು ಏಕಾದಶಿ ಹಿಡಿದು ಕುಳಿತಿತು.

"ಏನ್ ಮಾಡಿದ್ರಿ ಮಾಸ್ತರೇ?" ಎಂದರು ಗ್ರಂಥಪಾಲಕಿ ಮೂಕಾಂಬಿಕಾ. "ಹುಡುಗೀರು ಪರೀಕ್ಷೆ ಅರ್ಜಿ ತುಂಬಕ್ಕೆ ಬಂದು ಕೂತಿದಾರೆ."

"ಬಂದಳಿಕೆ ಶಾಸನ ನೋಡಿದೀರಲ್ಲ? ಬರೆದದ್ದೆಲ್ಲ ಬಯಲಲ್ಲೇ ಇದೆ. ಕಾಣದ್ದನ್ನ ಹೇಗೆ ನಂಬಲಿ?"

"ಗರ್ಭಗುಡಿಗೆ ಪರದೆ ಎಳೆದಾಗ ಎದ್ದು ಹೋಗ್ತೀರಾ?"

"ಅಲ್ಲಿ ಒಳಗಿರೋದು ದೇವರು ಅಂತ ಗೊತ್ತು. ಇದರೊಳಗೆ ಯಾರಿದಾರೋ."

ಆದರೂ ಹುಡುಗಿಯರ ಮುಖ ನೋಡಿ ಸೋತರು. ತುಣುಕು ಮರಳಿ ತರಲು ಇಂಟರ್ನೆಟ್ಟು ಬೇಕು; ಇಂಟರ್ನೆಟ್ಟಿಗೆ ಅದೇ ತುಣುಕು ಬೇಕು. ಎದುರಂಗಡಿಯ ಭೀಮಣ್ಣ ಬಂದು, ಸ್ವಿಚ್ಚನ್ನು ಎರಡು ಸಲ ಆರಿಸಿ ಹಾಕಿ, "ಹಳೇ ಮಾಲು ಬಿಡ್ರಿ" ಎಂದು ಟೀ ಕುಡಿದು ಹೋದ. ಕೊನೆಗೆ ಮೂಕಾಂಬಿಕಾ ತಮ್ಮ ಮೊಬೈಲಿನಿಂದ ವೈರು ಚುಚ್ಚಿ ಇಂಟರ್ನೆಟ್ಟು ಕೊಟ್ಟರು. ಒಂದೊಂದಕ್ಕೂ ತುಣುಕು ಇಳಿಸುವಷ್ಟರಲ್ಲಿ ಸಂಜೆ ನಾಲ್ಕು ಗಂಟೆಯಾಯಿತು.

ಸಮಿತಿಯ ಅಧ್ಯಕ್ಷ ದೊಡ್ಡಬೀರಪ್ಪನವರು ಕೂರುವ ಮೊದಲೇ ಹೇಳಿದರು: "ಎಲ್ಲಾರೂ ಓದಬೌದು ಅಂದ್ರೆ ಕಳ್ಳನೂ ಓದ್ತಾನಲ್ರೀ. ಬ್ಯಾಡ ಅಂತ ನಿಶ್ಚಯ ಮಾಡ್ಕಂಡೇ ಬಂದೀನಿ."

ಹೇಗೂ ಹೋಯಿತೆಂದು ಮಾಸ್ತರರು ಇದ್ದ ಪಾಪವನ್ನೂ ಒಪ್ಪಿಕೊಂಡರು. "ನಿಜ ಹೇಳ್ತೀನಿ. ಇದರಲ್ಲಿ ಒಂದು ತುಣುಕು ಮುಚ್ಚಿದ್ದಿದೆ. ಒಳಗೇನಿದೆ ಅಂತ ನನಗೂ ಗೊತ್ತಿಲ್ಲ."

ಅಧ್ಯಕ್ಷರ ಮುಖ ಅರಳಿತು. "ಮೊದಲೇ ಹೇಳಬಾರದೇನ್ರೀ? ನಿಮಗೇ ಗೊತ್ತಿಲ್ಲ ಅಂದ್ಮ್ಯಾಲೆ ಕಳ್ಳಂಗೆ ಹೆಂಗೆ ಗೊತ್ತಾಗತ್ತೆ? ಇರ್ಲಿ, ಆರೂ ಇಲ್ಲೇ ಇರ್ಲಿ."

"ಅಲ್ಲ ಸ್ವಾಮಿ, ಭಯ ಇರೋದೇ ಅದರಲ್ಲಿ..."

ಅಷ್ಟರಲ್ಲಿ ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಅಪ್‌ಡೇಟ್ ಮುಗಿದು ಪರದೆಯಲ್ಲಿ ಸೂಚನೆ ಮೂಡಿತು: ಕಂಪನಿಯ ತುಣುಕಿಗೆ ಇನ್ನು ಮುಂದೆ ಯಾವ ಭದ್ರತಾ ಅಪ್‌ಡೇಟೂ ಬರುವುದಿಲ್ಲ.

ದೊಡ್ಡಬೀರಪ್ಪನವರು ಕನ್ನಡಕ ಏರಿಸಿ ಓದಿದರು. "ನೋಡ್ರಿ, ಇದಕ್ಕೆ ಇನ್ನು ರಿಪೇರಿನೇ ಬ್ಯಾಡಂತೆ. ಮಾಲು ಅಂದ್ರೆ ಇದು. ಉಳಿದ ತುಣುಕುಗಳನ್ನೂ ಹಿಂಗೇ ಮಾಡಿಕೊಡ್ರಿ, ಸೋಮವಾರದೊಳಗೆ."

ಮಾಸ್ತರರು ಏನೋ ಹೇಳಲು ಹೊರಟರು. ತಿರುಗಿ ನೋಡಿದರೆ ಆರೂ ಕಂಪ್ಯೂಟರಿನ ಮುಂದೆ ಹುಡುಗಿಯರು ಅರ್ಜಿ ತುಂಬುತ್ತಿದ್ದರು.

"ಆಗಲಿ" ಎಂದರು.